ಜೀನ್ಸ್ ಹೊಲಿಯುವವನ ಹಾಫ್ ಮ್ಯಾರಥಾನ್: ಬಳ್ಳಾರಿಯ ಒಂದು ಪ್ರಕರಣ

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ. ಬಳ್ಳಾರಿ ಕೋಟೆ ಗುಡ್ಡದ ಬುಡದಲ್ಲಿ, ಚಹಾ ಅಂಗಡಿಯ ಕಲ್ಲುಬೆಂಚಿನ ಮೇಲೆ ಅವನು ಬಲಗಾಲು ಚಾಚಿ ಕೂತಿದ್ದ. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮೊಣಕಾಲಿನ ಕೆಳಗಿನ ಮೂಳೆಯ ಒಳಅಂಚನ್ನು ಹೆಬ್ಬೆರಳಿಂದ ಒತ್ತುತ್ತ ಇಳಿದೆ. ಮೇಲೆ ಏನೂ ಇಲ್ಲ. ನಡುವೆಯೂ ಇಲ್ಲ. ಪಾದದಿಂದ ಒಂದು ಗೇಣು ಮೇಲಕ್ಕೆ ಬೆರಳು ಬಂದಾಗ ಅವನ ಕೈಯಲ್ಲಿದ್ದ ಚಹಾ ಚೆಲ್ಲಿತು.

"ಅಲ್ಲೇ ಅಣ್ಣಾ, ಅಲ್ಲೇ! ಬಿಡ್ರಿ!"

ಒಂದು ರೂಪಾಯಿ ನಾಣ್ಯದಷ್ಟು ಜಾಗ, ಅಷ್ಟೇ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಹೊಸದಾಗಿ ಓಡುವವರಿಗೆ ಬರುವ ಮಾಮೂಲಿ ಶಿನ್ ಸ್ಪ್ಲಿಂಟ್ ನೋವು ಮೂಳೆಯ ಅಂಚಿನುದ್ದಕ್ಕೂ ನಾಲ್ಕೈದು ಬೆರಳಗಲ ಹರಡಿಕೊಂಡಿರುತ್ತದೆ. ಮೈ ಬಿಸಿಯಾದರೆ ಸ್ವಲ್ಪ ಕಮ್ಮಿಯೂ ಆಗುತ್ತದೆ. ಇವನದು ಓಡಿದಷ್ಟೂ ಜಾಸ್ತಿಯಾಗುತ್ತಿತ್ತು, ರಾತ್ರಿ ಮಲಗಿದಾಗಲೂ ಮಿಡಿಯುತ್ತಿತ್ತು. ಒಂಟಿಗಾಲಲ್ಲಿ ಒಮ್ಮೆ ಜಿಗಿ ಎಂದೆ. ಜಿಗಿದ, ಬೆಂಚು ಹಿಡಿದುಕೊಂಡ. ಎರಡನೇ ಸಲ ಬೇಡ ಎಂದೆ. "ಡಾಕ್ಟರ ಹತ್ರ ಇವತ್ತೇ ಹೋಗು. ನಾಳೆ ಅಲ್ಲ."

ಅವನು ಕೇಳಿದ್ದು ಬೇರೆಯೇ. "ಅಣ್ಣಾ, ಹೈದರಾಬಾದ್ ಓಟಕ್ಕೆ ಇನ್ನೂ ಹನ್ನೆರಡು ವಾರ ಐತಲ್ಲ. ಆಗ್ತದ ಅಲ್ವಾ?"

ಆ ಪ್ರಶ್ನೆಯಿಂದಲೇ ಈ ಪ್ರಕರಣವನ್ನು ಬರೆದಿಡಬೇಕು ಅನ್ನಿಸಿತು. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದ. "ಮಾರ್ಕೆಟ್‌ನಾಗ ನಗ್ತಾರಣ್ಣಾ" ಎಂಬುದು ಕಾರಣ. ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವನು. ಹನ್ನೊಂದು ವರ್ಷದಿಂದ ಓಡುತ್ತಿದ್ದೇನೆ, ಅವನು ಮಾಡಿದ ತಪ್ಪುಗಳಲ್ಲಿ ಮುಕ್ಕಾಲು ಪಾಲನ್ನು ನಾನೂ ಮಾಡಿದ್ದೇನೆ.

ಆಸಾಮಿ ಯಾರು

ವಯಸ್ಸು 41, ತೂಕ 78 ಕೆ.ಜಿ. ಜೀನ್ಸ್ ಹೊಲಿಯುವ ಯೂನಿಟ್ ಇದೆ, ಹನ್ನೆರಡು ಮಷಿನ್. ಬಳ್ಳಾರಿಯಲ್ಲಿ ಇಂಥ ಯೂನಿಟ್‌ಗಳು ಗಲ್ಲಿಗೊಂದು. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ರಾತ್ರಿ ಹತ್ತಕ್ಕೆ ಹೊರಗೆ. ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಂತೇ ಇರುತ್ತಾನೆ. ಊಟ ಮುಗಿಸಿ, ಪೇಮೆಂಟಿನ ಫೋನುಗಳೂ ಮುಗಿದು ಮಲಗುವಾಗ ಹನ್ನೆರಡು. ಜನವರಿಯಲ್ಲಿ ಬಿ.ಪಿ. 138/88 ಬಂತು. ಡಾಕ್ಟರು "ಮಾತ್ರೆ ಬೇಡ, ಮೊದಲು ಮೈ ಬಗ್ಗಿಸಿ" ಎಂದು ಕಳಿಸಿದರು. ಫೆಬ್ರವರಿಯಲ್ಲಿ ಓಟ ಶುರು ಮಾಡಿದ. ಮಾರ್ಚಿನಲ್ಲಿ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿದ. ಏಪ್ರಿಲ್‌ನಲ್ಲಿ, ಗ್ರೂಪಿನ ಆರು ಜನರ ಜೊತೆ, ಆಗಸ್ಟಿನ ಹೈದರಾಬಾದ್ ಮ್ಯಾರಥಾನ್‌ನ ಹಾಫ್‌ಗೆ ಹೆಸರು ಕೊಟ್ಟ. 21.1 ಕಿಲೋಮೀಟರ್. ಆಗ ಅವನು ಓಡಿದ್ದ ಅತಿ ದೂರ 8 ಕಿ.ಮೀ.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಏನೂ ಕಾಣಲಿಲ್ಲ. ಅವನಿಗೆ ಖುಷಿಯೋ ಖುಷಿ. ಆದರೆ ಮೂಳೆಗೆ ಪದೇ ಪದೇ ಒತ್ತಡ ಬಿದ್ದು ಆಗುವ ಸಣ್ಣ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇನಲ್ಲಿ ಕಾಣುವುದೇ ಕಮ್ಮಿ. ಎಂ.ಆರ್.ಐ.ನಲ್ಲಿ ಕಾಣುತ್ತದೆ, ಖರ್ಚು ಜಾಸ್ತಿ. ಡಾಕ್ಟರು ಕಾಲು ಒತ್ತಿ ನೋಡಿ, "ಬಿರುಕು ಇದೆ ಅಂತಲೇ ಇಟ್ಟುಕೊಳ್ಳಿ. ಆರು ವಾರ ಓಟ ಇಲ್ಲ" ಎಂದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 14 ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ ಎಂದೇ ಲೆಕ್ಕ. ಬಿಸಿಲಿಗೆ ಹೆಸರಾದ ಊರಲ್ಲಿ ಬಿಸಿಲಿನ ವಿಟಮಿನ್ ಇಲ್ಲ! ಹಗಲೆಲ್ಲ ಟ್ಯೂಬ್‌ಲೈಟ್ ಕೆಳಗೆ ಇರುವವನಿಗೆ ಇನ್ನೆಲ್ಲಿಂದ ಬರಬೇಕು.

ಫೋನಿನಲ್ಲಿದ್ದ ಲೆಕ್ಕ

ಅವನ ಫೋನ್ ಇಸಕೊಂಡು ಫೆಬ್ರವರಿಯಿಂದ ಮೇ ಕೊನೆಯವರೆಗಿನ ಓಟಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಬ್ಯಾಂಕಿನವನ ಚಾಳಿ. ವಾರಕ್ಕೆ 12 ಕಿ.ಮೀ.ನಿಂದ ಶುರುವಾಗಿ, ಹದಿನಾಲ್ಕು ವಾರದಲ್ಲಿ 38 ಕಿ.ಮೀ.ಗೆ ಮುಟ್ಟಿದ್ದ. ಗ್ರೂಪಿನವರ ತೀರ್ಪು ಸಿದ್ಧವಿತ್ತು: "ವಾರಕ್ಕೆ ಹತ್ತು ಪರ್ಸೆಂಟ್ ರೂಲ್ ಮುರಿದಿದ್ದಾನೆ, ಅದಕ್ಕೇ."

ಒಂದು ವಾರದ ಒಟ್ಟು ಓಟ ಹಿಂದಿನ ವಾರಕ್ಕಿಂತ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಏರಬಾರದು ಎಂಬುದು ಆ ರೂಲ್. ಲೆಕ್ಕ ಹಾಕಿ ನೋಡಿದೆ. ಮುರಿದಿಲ್ಲ. ಸರಾಸರಿ ವಾರಕ್ಕೆ ಸುಮಾರು 9 ಪರ್ಸೆಂಟ್ ಏರಿದ್ದಾನೆ. ಪಾಪ, ರೂಲ್ ಪಾಲಿಸಿಯೇ ಕಾಲು ಕೆಡಿಸಿಕೊಂಡಿದ್ದ.

ಈ ಹತ್ತು ಪರ್ಸೆಂಟ್ ಮಾತನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ನೆದರ್ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಇದನ್ನು ಪರೀಕ್ಷೆಗೇ ಹಚ್ಚಿದ್ದರು. 2008ರಲ್ಲಿ ಅದರ ಫಲಿತಾಂಶ ಬಂತು. ಸುಮಾರು 500 ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದನ್ನು ಹತ್ತು ಪರ್ಸೆಂಟ್ ಲೆಕ್ಕದಲ್ಲಿ ನಿಧಾನಕ್ಕೆ, ಇನ್ನೊಂದನ್ನು ಬೇಗ ಏರಿಸಿದರು. ಎರಡೂ ಕಡೆ ಐದರಲ್ಲಿ ಒಬ್ಬರಿಗೆ ಪೆಟ್ಟಾಯಿತು. ವ್ಯತ್ಯಾಸವೇ ಇಲ್ಲ. ಅದಕ್ಕಿಂತ ಹೊಸದು, 2025ರಲ್ಲಿ ಪ್ರಕಟವಾದ, 5,000ಕ್ಕೂ ಹೆಚ್ಚು ಓಟಗಾರರನ್ನು ಗಮನಿಸಿದ ಅಧ್ಯಯನ ಬೇರೆ ಕಡೆ ಬೊಟ್ಟು ಮಾಡಿತು. ವಾರದ ಮೊತ್ತಕ್ಕಿಂತ, ಒಂದೇ ದಿನದ ಓಟ ಹಿಂದಿನ ಒಂದು ತಿಂಗಳ ಅತಿ ಉದ್ದದ ಓಟಕ್ಕಿಂತ ಎಷ್ಟು ಜಾಸ್ತಿ ಎಂಬುದರಲ್ಲಿ ಅಪಾಯ ಕಂಡಿತು. ಹತ್ತು ಪರ್ಸೆಂಟ್ ಮೀರಿದ ಜಿಗಿತದಿಂದಲೇ ಪೆಟ್ಟು ಹೆಚ್ಚಿತ್ತು.

ಇವನ ಮೇ ತಿಂಗಳ ಪುಟ ತೆಗೆದರೆ ಅದು ಎದ್ದು ಕಾಣುತ್ತಿತ್ತು. ಒಂದು ಭಾನುವಾರ 10, ಮುಂದಿನ ಭಾನುವಾರ 14. ಗ್ರೂಪಿನವರು 14 ಓಡಿದರು, ಇವನೂ ಓಡಿದ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದಾಗಿ ಕಂಡಿತು. ಅವನ ಎಲ್ಲ ಓಟದ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ, ಹೆಚ್ಚುಕಮ್ಮಿ ಒಂದೇ. 4 ಕಿ.ಮೀ. ಓಡಿದ ದಿನ ಕಿಲೋಮೀಟರಿಗೆ 6:05, ಅಂದರೆ 6 ನಿಮಿಷ 5 ಸೆಕೆಂಡ್. ವಾರದ ಉದ್ದದ ಓಟ, ಲಾಂಗ್ ರನ್, ಇದ್ದ ದಿನ 6:20. ಸುಸ್ತಾದ ದಿನ 6:25. ನಿಧಾನದ ಓಟ ಎಂಬುದೇ ಇರಲಿಲ್ಲ, ಜೋರಿನ ಓಟವೂ ಇರಲಿಲ್ಲ. ನಡುವೆ ಎಲ್ಲೋ ಒಂದು ಕಡೆ ಸಿಕ್ಕಿಕೊಂಡು ದಿನಾ ಅಲ್ಲೇ ಒದ್ದಾಡುತ್ತಿದ್ದ. ವಾಚ್ ಹೇಳಿದ ಎದೆಬಡಿತ ನೋಡಿ:

ಫೆಬ್ರವರಿ, ಬೆಳಗಿನ ಚಳಿಯಲ್ಲಿ, 6:15 ಪೇಸ್‌ಗೆ ನಿಮಿಷಕ್ಕೆ 152.
ಮೇ, ಅದೇ ರಸ್ತೆ, ಅದೇ 6:15 ಪೇಸ್‌ಗೆ 170.

ಮೂರು ತಿಂಗಳು ಓಡಿದವನಿಗೆ ಎದೆಬಡಿತ ಇಳಿಯಬೇಕಿತ್ತು, ಏರಿದೆ. ಪೇಸ್ ನೋಡಿದರೆ "ಸರಿಯಾಗೇ ಓಡ್ತಾ ಇದೀನಿ" ಅನ್ನಿಸುತ್ತದೆ. ಮೈ ಮಾತ್ರ ಪ್ರತಿದಿನ ರೇಸ್ ಓಡುತ್ತಿತ್ತು. ಗ್ರೂಪಿನಲ್ಲಿ ದಿನಾ ಸ್ಕ್ರೀನ್‌ಶಾಟ್ ಹಾಕಬೇಕಲ್ಲ, 7:30 ಅಂತ ಹೇಗೆ ಹಾಕುವುದು? "ಮರ್ಯಾದೆ ಹೋಗ್ತದಣ್ಣಾ" ಎಂದ. ಆ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಕಾಲಿನ ಮೂಳೆಗೆ ತಂದುಕೊಂಡಿದ್ದ.

ಶೂ ಬಗ್ಗೆಯೂ ಗ್ರೂಪಿನಲ್ಲಿ ಎರಡು ದಿನ ಚರ್ಚೆ ನಡೆಯಿತಂತೆ. ಕಾಲಿಗೆ ಸರಿಯಾಗಿ ಕೂರುವ, ತೀರಾ ಸವೆಯದ ಶೂ ಇತ್ತು. ಅಷ್ಟು ಸಾಕು. ಮುಂದೆ ಹೋಗೋಣ.

ಮೇ ತಿಂಗಳ ಆ ಭಾನುವಾರ

ಮೂಳೆ ನೋವಿಗೆ ಮುಂಚೆ ಇನ್ನೊಂದು ಘಟನೆ ನಡೆದಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ನೋಟ್‌ಬುಕ್ ಬರೆಯುವಾಗ, "ಇಲ್ಲಿ 14 ಅಂತ ಇದೆ, ಆದ್ರೆ 11ಕ್ಕೆ ವಾಚ್ ಇಪ್ಪತ್ತು ನಿಮಿಷ ನಿಂತಿದೆಯಲ್ಲ?" ಎಂದು ಕೇಳಿದೆ. ಆಗ ಬಾಯಿ ಬಿಟ್ಟ.

ಮಲಗಿದ್ದು ಹನ್ನೆರಡೂವರೆಗೆ. ಎದ್ದು ಹೊರಟಾಗ 6:20. ಮೇನಲ್ಲಿ ನಮ್ಮಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಹುಟ್ಟಿರುತ್ತಾನೆ. ಹಿಂದಿನ ದಿನ 40 ಡಿಗ್ರಿ ದಾಟಿರುತ್ತದೆ. ರಾತ್ರಿಯಾದರೂ ಡಾಂಬರಿನ ಬಿಸಿ ಪೂರ್ತಿ ಆರಿರುವುದಿಲ್ಲ. ಗುಡ್ಡದ ಪಕ್ಕ ಓಡಿದರೆ ಬಂಡೆಯಿಂದ ಕಾವು ಮೈಗೆ ಬಡಿಯುವುದು ಗೊತ್ತಾಗುತ್ತದೆ. ಬಳ್ಳಾರಿಯವರಿಗೆ ಇದನ್ನು ಹೇಳಬೇಕಾಗಿಲ್ಲ. 11ನೇ ಕಿಲೋಮೀಟರಿಗೆ ಇವನಿಗೆ ತಲೆ ತಿರುಗಿತು. ಅಷ್ಟು ಸೆಕೆಯಲ್ಲೂ ಮೈಮೇಲೆ ಮುಳ್ಳೆದ್ದು ಚಳಿ ಬಂದಂತಾಯಿತು. ಬೇವಿನ ಮರದ ಕೆಳಗೆ ಕೂತು ವಾಂತಿ ಮಾಡಿಕೊಂಡ. ಯಾರೋ ಹಾಲಿನವರು ನೀರು ಕೊಟ್ಟರಂತೆ. ಇಪ್ಪತ್ತು ನಿಮಿಷ ಕೂತು, ಎದ್ದು, ಉಳಿದ 3 ಕಿ.ಮೀ. ಓಡಿ ಮುಗಿಸಿದ!

ಕೇಳಿ ನನಗೆ ಸಿಟ್ಟೇ ಬಂತು. ಬಿಸಿಲಲ್ಲಿ ಓಡುವಾಗ ಚಳಿ ಬಂದರೆ, ವಾಂತಿಯಾದರೆ, ಆ ದಿನದ ಓಟ ಅಲ್ಲಿಗೆ ಮುಗಿಯಿತು. ಮಾತು ತಡವರಿಸಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ, ಅದು ಸುಸ್ತಲ್ಲ, ಶಾಖಾಘಾತ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಬೇಕು ಅಂತೇನಿಲ್ಲ, ಓಟಗಾರರಲ್ಲಿ ಬೆವರುತ್ತಲೇ ಇರಬಹುದು. ಕಾರು ಬರಲಿ ಎಂದು ಕಾಯುತ್ತ ಕೂರಬಾರದು. 108ಕ್ಕೆ ಫೋನ್ ಮಾಡಿ, ಅದು ಬರುವವರೆಗೆ ಸಿಕ್ಕ ನೀರನ್ನೆಲ್ಲ ಮೈಮೇಲೆ ಸುರಿಯಬೇಕು, ಐಸ್ ಸಿಕ್ಕರೆ ಹಚ್ಚಬೇಕು, ಟವೆಲ್ಲಿನಿಂದ ಗಾಳಿ ಬೀಸಬೇಕು. ಮೊದಲು ತಂಪು, ಆಮೇಲೆ ಆಸ್ಪತ್ರೆ. ಓಟದ ಗ್ರೂಪುಗಳಲ್ಲಿ ಪೇಸ್ ಬಗ್ಗೆ ದಿನಕ್ಕೆ ನೂರು ಮೆಸೇಜ್ ಬರುತ್ತವೆ, ಇದರ ಬಗ್ಗೆ ಒಂದೂ ಬರುವುದಿಲ್ಲ.

ಅವನು ಎಷ್ಟು ಬೆವರುತ್ತಾನೆ ಎಂಬುದನ್ನು ಆಮೇಲೆ ಅಳೆದೆವು. ಓಟದಲ್ಲಿ ಅಲ್ಲ, ಆಗ ಅವನು ಓಡುವಂತಿರಲಿಲ್ಲ. ಮನೆಯಲ್ಲಿ ಸೈಕಲ್ ತುಳಿಯುವಾಗ. ತುಳಿಯುವ ಮುಂಚೆ ತೂಕ 78.2 ಕೆ.ಜಿ., 70 ನಿಮಿಷದ ನಂತರ ಒದ್ದೆ ಬಟ್ಟೆ ತೆಗೆದು 76.6. ನಡುವೆ ಕುಡಿದದ್ದು 300 ಮಿಲಿ. ಅಂದರೆ 1.9 ಲೀಟರ್ ಬೆವರು, ಗಂಟೆಗೆ ಸುಮಾರು 1.6 ಲೀಟರ್. ಇದು ಜಾಸ್ತಿಯೇ. ಅವನ ಕಪ್ಪು ಟೀಶರ್ಟ್ ಒಣಗಿದ ಮೇಲೆ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆ ಮೂಡುತ್ತಿತ್ತು. ಇಂಥವರು ಉದ್ದದ ಓಟಕ್ಕೆ ಬರೀ ನೀರು ಕುಡಿಯುತ್ತ ಹೋಗುವುದು ಒಳ್ಳೆಯದಲ್ಲ. ಬೇಕಾದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಮೆಡಿಕಲ್ ಶಾಪಿನ ಒಆರ್‌ಎಸ್ ಪೊಟ್ಟಣ ಸಾಕು, ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು. ಬಾಯಾರಿದಾಗ ಕುಡಿ, ಬೆವರಿದ ಅಷ್ಟನ್ನೂ ತುಂಬಿಸಲು ಹೋಗಬೇಡ ಎಂದು ಹೇಳಿದೆ.

ಯಾವ ಓಟ, ಯಾವಾಗ

ಹೈದರಾಬಾದ್ ಕೆಟ್ಟ ಓಟವಲ್ಲ. ಫ್ಲೈಓವರ್ ಹತ್ತಿ ಇಳಿದು, ಊರು ನೋಡುತ್ತ ಓಡುವ ಒಳ್ಳೆಯ ಓಟ. ಅನುಭವ ಇರುವವರು ಖುಷಿಯಾಗಿ ಹೋಗಬಹುದು. ಇವನಿಗೆ ಮಾತ್ರ ಅದು ಆ ವರ್ಷ ಬೇಡವಾಗಿತ್ತು.

ಓಟ ಆರಿಸುವಾಗ ನಮ್ಮ ಜನ ನೋಡುವುದು ಏನು? ಮೆಡಲ್ ಹೇಗಿದೆ, ಟೀಶರ್ಟ್ ಹೇಗಿದೆ, ಗ್ರೂಪಿನಿಂದ ಯಾರು ಬರ್ತಾರೆ. ಸ್ವಲ್ಪ ತಿಳಿದವರು ಆ ಊರಿನ ಹವೆ ನೋಡುತ್ತಾರೆ, ಏರಿಳಿತ ನೋಡುತ್ತಾರೆ. ಆದರೆ ಓಟ ನಡೆಯುವುದು ಎರಡು ಗಂಟೆ. ಅದರ ತಯಾರಿ ನಡೆಯುವುದು ಇಲ್ಲಿ, ಬಳ್ಳಾರಿಯಲ್ಲಿ, ಮೂರು ನಾಲ್ಕು ತಿಂಗಳು. ನಾನು ಈಗ ಓಟದ ತಾರೀಕು ಸಿಕ್ಕ ಕೂಡಲೇ ಅಲ್ಲಿಂದ ಹಿಂದಕ್ಕೆ ಹನ್ನೆರಡು ಹದಿನಾರು ವಾರ ಎಣಿಸುತ್ತೇನೆ. ಆ ವಾರಗಳು ಹೇಗಿವೆ ಎಂದು ನೋಡಿ ಆಮೇಲೆ ದುಡ್ಡು ಕಟ್ಟುತ್ತೇನೆ.

ಈ ಲೆಕ್ಕದಲ್ಲಿ ಇಡೀ ವರ್ಷ ಬೇರೆಯಾಗಿಯೇ ಕಾಣುತ್ತದೆ. ಆಗಸ್ಟ್ ಕೊನೆಯ ಹೈದರಾಬಾದಿಗೆ, 8 ಕಿ.ಮೀ. ಮಾತ್ರ ಓಡಿರುವ ಹೊಸಬ ಏಪ್ರಿಲ್‌ನಿಂದಲೇ ದೂರ ಏರಿಸಬೇಕು. ಅಂದರೆ ಅಡಿಪಾಯ ಹಾಕುವ ಎರಡು ತಿಂಗಳೂ ಬೆಂಕಿಯಲ್ಲಿ. ಮೊದಲೇ 15 ಕಿ.ಮೀ. ಸಲೀಸಾಗಿ ಓಡುವವನಿಗೆ ಅದೇ ಓಟ ಸುಲಭ, ಏಕೆಂದರೆ ಅವನು ಜೂನ್ ಮಳೆ ಬಿದ್ದ ಮೇಲೆ ಶುರು ಮಾಡಿದರೂ ನಡೆಯುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಸುಮಾರಿಗೆ ಬೆಂಗಳೂರಿನಲ್ಲಿ ನಡೆಯುವ ಹಾಫ್‌ಗೆ ನಮ್ಮ ಜುಲೈ, ಆಗಸ್ಟ್ ಮೋಡದ ಬೆಳಗುಗಳು ಸಿಗುತ್ತವೆ. ಜನವರಿ ಮೂರನೇ ಭಾನುವಾರದ ಮುಂಬೈಗೆ ನಮ್ಮ ನವೆಂಬರ್, ಡಿಸೆಂಬರ್. ಬಳ್ಳಾರಿಯಲ್ಲಿ ಓಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಒಣ ಹವೆಯಲ್ಲಿ ಓಡಿದವರಿಗೆ ಮುಂಬೈ ಕಡಲಿನ ಜಿಗುಟು ಸೆಕೆ, ಪೆಡ್ಡರ್ ರೋಡಿನ ಏರು ಎರಡೂ ಕಾಟ ಕೊಡುತ್ತವೆ. ಪಕ್ಕದ ಹಂಪಿಯಲ್ಲಿ ನಡೆಯುತ್ತ ಬಂದ ಗೋ ಹೆರಿಟೇಜ್ ರನ್ ಟೈಮಿಗೆ ಓಡುವಂಥದ್ದಲ್ಲ, ನಿಂತು ಕಲ್ಲುಮಂಟಪ ನೋಡಿ ಓಡುವಂಥದ್ದು. ಮನೆಯವರನ್ನೂ ಕರೆದುಕೊಂಡು ಹೋಗಬಹುದು.

ಇನ್ನು ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ. 2008ರಲ್ಲಿ ಶುರುವಾದದ್ದು, ಈಚೆಗೆ ಏಪ್ರಿಲ್ ಕೊನೆಗೆ ಬರುತ್ತಿದೆ. ಫೆಬ್ರವರಿ, ಮಾರ್ಚ್ ತಯಾರಿ. ನಮ್ಮಲ್ಲಿ ಸೆಕೆ ಏರುತ್ತಿರುತ್ತದೆ, ಆದರೆ 10 ಕಿ.ಮೀ.ಗೆ ಬೇಕಾದ ಲಾಂಗ್ ರನ್ ಒಂದೂಕಾಲು ಗಂಟೆ ಒಳಗೇ ಮುಗಿಯುತ್ತದೆ. ಇದರಲ್ಲಿ ನಮಗೆ ಒಂದು ಲಾಭವೂ ಇದೆ. ಬಿಸಿಯಲ್ಲಿ ಎರಡು ವಾರ ಹದವಾಗಿ ಓಡಿದರೆ ಮೈ ಹೊಂದಿಕೊಳ್ಳುತ್ತದೆ: ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಎದೆಬಡಿತ ಇಳಿಯುತ್ತದೆ. ಆ ಮೈ ಹೊತ್ತುಕೊಂಡು ಬೆಂಗಳೂರಿನ ತಂಪಿಗೆ ಹೋದರೆ ಕಾಲು ತಾನೇ ಓಡುತ್ತದೆ.

ಇಷ್ಟನ್ನೂ ಹೇಳಿ, "ಈ ವರ್ಷ ಹೈದರಾಬಾದ್ ಬಿಟ್ಟುಬಿಡು. ಡಿಸೆಂಬರ್‌ನಲ್ಲಿ ಇಲ್ಲೇ ನಾವೇ ಹಾಫ್ ಓಡೋಣ. ಏಪ್ರಿಲ್‌ಗೆ ಬೆಂಗಳೂರು 10ಕೆ" ಎಂದೆ. ಅವನ ಮುಖ ಇಳಿಯಿತು. "ಮೆಡಲ್ ಇಲ್ಲದ ಓಟ ಏನಣ್ಣಾ ಅದು?"

ಎರಡನೇ ಸಲ

ಆರು ವಾರ ಓಟ ಇಲ್ಲ. ಮೊದಲ ಎರಡು ವಾರ ಸುಮ್ನೆ, ಆಮೇಲೆ ಸೈಕಲ್. ನೋವಿಲ್ಲದೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಲು ಆದ ಮೇಲೆ, ಡಾಕ್ಟರು ಮತ್ತೆ ಒತ್ತಿ ನೋಡಿ ಹೂಂ ಅಂದ ಮೇಲೆ, ಜುಲೈ ಕೊನೆಗೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಯೂನಿಟ್ಟಿನ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ದಿನಕ್ಕೆ ಎರಡು ಸಲ, ಹದಿನೈದರಂತೆ ಮೂರು ಸುತ್ತು. ಟೇಲರ್‌ಗಳು ನಗುತ್ತಿದ್ದರಂತೆ. ಸೆಪ್ಟೆಂಬರ್ ಹೊತ್ತಿಗೆ ವಾರಕ್ಕೆ 22 ಕಿ.ಮೀ. ಬಂದಿತ್ತು.

ಕಷ್ಟವಾದದ್ದು ನಿಧಾನ ಓಡಿಸುವುದು. 7:20 ಪೇಸ್ ಎಂದರೆ ಅವನಿಗೆ ಅವಮಾನ. ಎದೆಬಡಿತ ನೋಡು ಎಂದರೆ ಕೈಗೆ ಕಟ್ಟುವ ವಾಚ್ ಒಂದೊಂದು ದಿನ ಒಂದೊಂದು ಹೇಳುತ್ತದೆ. 220ರಲ್ಲಿ ವಯಸ್ಸು ಕಳೆಯುವ ಸೂತ್ರವೂ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಆಚೀಚೆ ಆಗುತ್ತದೆ. ಕೊನೆಗೆ ಅವನ ಧಂಧೆಯೇ ದಾರಿ ತೋರಿಸಿತು.

ಕಾಲುವೆ ದಂಡೆ ಮೇಲೆ ಜೊತೆಗೆ ಓಡುವಾಗ, "ಈ ವಾರದ ಲಾಟು ಹೇಳು" ಎನ್ನುತ್ತಿದ್ದೆ. ಅವನು ಶುರು ಮಾಡುತ್ತಿದ್ದ: "ಐನೂರು ಪೀಸ್ ಅಣ್ಣಾ. ಬಟ್ಟೆ ಅವರದೇ. ಕಟಿಂಗ್ ಇಷ್ಟು, ಹೊಲಿಗೆ ಇಷ್ಟು, ಬಟನ್ ರಿವೆಟ್ ಬೇರೆ. ವಾಷಿಂಗಿಗೆ ಹೋಗಿ ಬರಬೇಕಾದ್ರ ಇಪ್ಪತ್ತು ಪೀಸ್ ಕಲರ್ ಬಿಟ್ಟಾವ, ಅದು ಯಾರ ತಲಿ ಮ್ಯಾಲೆ ಹಾಕ್ಬೇಕು..." ಒಂದು ಲಾಟಿನ ಲೆಕ್ಕ ಕಟಿಂಗ್‌ನಿಂದ ಪೇಮೆಂಟ್‌ವರೆಗೆ ಏದುಸಿರಿಲ್ಲದೆ ಹೇಳಿ ಮುಗಿಸಿದರೆ ಪೇಸ್ ಸರಿ. ವಾಷಿಂಗ್ ಹತ್ತಿರ ಬರುವಷ್ಟರಲ್ಲಿ ಉಸಿರು ತಪ್ಪಿದರೆ ಜಾಸ್ತಿಯಾಯಿತು. ಸಾಲ ಉಳಿಸಿಕೊಂಡ ಪಾರ್ಟಿಯ ವಿಷಯ ಬಂದರೆ ಮಾತ್ರ ಈ ಪರೀಕ್ಷೆ ಕೆಲಸಕ್ಕೆ ಬಾರದು, ಸಿಟ್ಟಿಗೆ ಪೇಸ್ ಏರಿಬಿಡುತ್ತಿತ್ತು.

ವಾರದಲ್ಲಿ ಮೂರು ದಿನ ಹೀಗೆ. ಅಕ್ಟೋಬರ್ ನಂತರ ಒಂದು ದಿನ ಮಾತ್ರ ಜೋರು: ನಾಲ್ಕು ನಿಮಿಷ ಬಿರುಸು, ಎರಡು ನಿಮಿಷ ನಡಿಗೆ, ಹೀಗೆ ಐದು ಸಲ. ಅವತ್ತು ಲಾಟಿನ ಮಾತಿಲ್ಲ. ಭಾನುವಾರದ ಓಟ 8ರಿಂದ 9, 9ರಿಂದ 10. ಗ್ರೂಪಿನವರು ಎಷ್ಟೇ ಓಡಲಿ. ಸ್ಕ್ರೀನ್‌ಶಾಟ್ ಹಾಕುವುದನ್ನು ನಿಲ್ಲಿಸಿದ. ಇದಕ್ಕೆ ಒಪ್ಪಿಸಲು ನನಗೆ ಮೂರು ವಾರ ಬೇಕಾಯಿತು.

ನಿದ್ದೆ ಮಾತ್ರ ಗೆಲ್ಲಲಾಗಲಿಲ್ಲ. ಹನ್ನೆರಡಕ್ಕೆ ಮಲಗುವವನನ್ನು ಐದಕ್ಕೆ ಎಬ್ಬಿಸಿ ಓಡಿಸುವುದು ನನಗೇ ಸರಿ ಕಾಣಲಿಲ್ಲ. ವಾರದಲ್ಲಿ ಎರಡು ದಿನ ಸಂಜೆ ಯೂನಿಟ್ಟಿನಿಂದಲೇ ಹೋಗಿ ಓಡಿ ಬರುವಂತೆ ಮಾಡಿದೆವು. ಆ ಎರಡು ದಿನ ಬೆಳಿಗ್ಗೆ ಏಳರವರೆಗೆ ಮಲಗಿದ. ಅಷ್ಟು ಸಿಕ್ಕಿದ್ದೇ ಪುಣ್ಯ.

ಅಕ್ಟೋಬರ್‌ನಲ್ಲಿ ಇನ್ನೊಂದು ಎಡವಟ್ಟು. ಹಬ್ಬದ ಆರ್ಡರ್ ಬಂದು ಬಿತ್ತು. ಮೂರು ವಾರ ವಾರಕ್ಕೆ 14 ಕಿ.ಮೀ.ಯೂ ಆಗಲಿಲ್ಲ. ಡಿಸೆಂಬರ್ ಮೊದಲ ಭಾನುವಾರ ಎಂದಿದ್ದ ನಮ್ಮ ಹಾಫ್ ಅನ್ನು ಕೊನೆಯ ಭಾನುವಾರಕ್ಕೆ ತಳ್ಳಿದೆವು. ನಮ್ಮದೇ ಓಟ, ಕೇಳುವವರು ಯಾರು? ದುಡ್ಡು ಕಟ್ಟಿದ ಓಟವಾಗಿದ್ದರೆ ಕಳೆದ ಮೂರು ವಾರವನ್ನು ಒಂದೇ ವಾರದಲ್ಲಿ ತುಂಬಿಸಲು ಹೋಗಿ ಮತ್ತೆ ಬೆಂಚಿನ ಮೇಲೆ ಕೂರುತ್ತಿದ್ದ, ನನಗೆ ಖಾತ್ರಿ.

ಕಾಲುವೆ ದಂಡೆಯ 21.1

ಡಿಸೆಂಬರ್ ಮೊದಲ ವಾರ 10 ಕಿ.ಮೀ. ಒಂದು ಪರೀಕ್ಷೆ ಓಡಿಸಿದೆ. 58 ನಿಮಿಷ. ಪೀಟ್ ರೀಗಲ್ ಎಂಬ ಎಂಜಿನಿಯರ್ 1970ರ ದಶಕದಲ್ಲಿ ಕೊಟ್ಟ ಒಂದು ಸೂತ್ರ ಇದೆ. ದೂರ ಎಷ್ಟು ಪಟ್ಟು ಹೆಚ್ಚಿತೋ ಅದರ 1.06ನೇ ಘಾತದಷ್ಟು ಪಟ್ಟು ಸಮಯ ಹೆಚ್ಚುತ್ತದೆ ಎಂದು ಲೆಕ್ಕ. ಅದರ ಪ್ರಕಾರ 58 ನಿಮಿಷದ 10ಕೆಗೆ ಹಾಫ್ 2 ಗಂಟೆ 8 ನಿಮಿಷ ಬರಬೇಕು. ಆದರೆ ಈ ಸೂತ್ರ ಆ ದೂರಕ್ಕೆ ತಕ್ಕ ತಯಾರಿ ಇದ್ದವರಿಗೆ. ವಾರಕ್ಕೆ 34 ಕಿ.ಮೀ. ದಾಟದವನಿಗೆ ಹಾಫ್‌ನಲ್ಲಿ ಅಷ್ಟು ಬರುವುದಿಲ್ಲ. ಬ್ಯಾಂಕಿನವನ ಹಾಗೆ ಸ್ವಲ್ಪ ಮಾರ್ಜಿನ್ ಇಟ್ಟು, 6:20 ಪೇಸ್, 2 ಗಂಟೆ 14 ನಿಮಿಷ ಎಂದು ಹೇಳಿದೆ.

ಎಚ್ಚೆಲ್ಸಿ, ಅಂದರೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ದಂಡೆ. ಮಣ್ಣಿನ ದಾರಿ, ಸಪಾಟು, ಲಾರಿಗಳ ಕಾಟವಿಲ್ಲ. ಹೋಗಿ ಬರುವ ದಾರಿ ಅಳೆದು, ಪ್ರತಿ 3 ಕಿ.ಮೀ.ಗೆ ಒಬ್ಬರನ್ನು ಬೈಕಿನ ಜೊತೆ ನಿಲ್ಲಿಸಿದೆವು. ಒಆರ್‌ಎಸ್, ನೀರು, ಬಾಳೆಹಣ್ಣು. ಓಡಿದ್ದು ಐದು ಜನ. ಅವನ ಟೇಲರ್‌ಗಳು ಹಿಂದಿನ ರಾತ್ರಿ ಉಳಿದ ಡೆನಿಮ್ ತುಂಡಿನಲ್ಲಿ ಐದು ಬಿಬ್ (ಓಟಗಾರರು ಎದೆಗೆ ಹಚ್ಚಿಕೊಳ್ಳುವ ನಂಬರ್ ಪಟ್ಟಿ) ಹೊಲಿದು, ಕೆಂಪು ದಾರದಲ್ಲಿ ನಂಬರ್ ಹಾಕಿ ಕೊಟ್ಟಿದ್ದರು. ಅಂಚಿಗೆ ಜೀನ್ಸಿನ ಹಾಗೇ ಡಬಲ್ ಹೊಲಿಗೆ, ನಾಲ್ಕು ಮೂಲೆಗೆ ಹಿತ್ತಾಳೆ ರಿವೆಟ್. ನೋಡಲು ಭಾರಿ ಚೆಂದ. ಬೆವರು ಹೀರಿದ ಮೇಲೆ ಭಾರಿ ಭಾರ. ಮೂರನೇ ಕಿಲೋಮೀಟರಿಗೆ ಟೀಶರ್ಟ್ ಕುತ್ತಿಗೆವರೆಗೆ ಜಗ್ಗಿ, ಒರಟು ಬಟ್ಟೆ ಎದೆ ತಿಕ್ಕಿ, ಅವನು ಬಿಚ್ಚಿ ಬೈಕಿನವನಿಗೆ ಕೊಟ್ಟ. ನಾನು ಹಟಕ್ಕೆ ಹಾಕಿಕೊಂಡೇ ಓಡಿದೆ. ಮನೆಗೆ ಬಂದು ಸ್ನಾನ ಮಾಡುವಾಗ ಎದೆಗೆ ನೀರು ಬಿದ್ದು ಕೂಗಿಕೊಂಡೆ. ಉದ್ದದ ಓಟಕ್ಕೆ ಮುಂಚೆ ಎದೆಗೂ ತೊಡೆಗೂ ವ್ಯಾಸಲೀನ್ ಹಚ್ಚಿ, ಇದು ಯಾವ ಪುಸ್ತಕಕ್ಕಿಂತಲೂ ಗಟ್ಟಿ ಸಲಹೆ.

16 ಕಿ.ಮೀ.ವರೆಗೆ 6:21ರಂತೆ ಗಡಿಯಾರದ ಹಾಗೆ ಓಡಿದ. ಅಲ್ಲಿಂದ ಕುಸಿದ. ಎರಡು ಗಂಟೆ ದಾಟುವ ಓಟದಲ್ಲಿ ಗಂಟೆಗೆ 30 ರಿಂದ 60 ಗ್ರಾಂ ಸಕ್ಕರೆ ಅಂಶ ಒಳಗೆ ಹೋಗಬೇಕು. ಬಾಳೆಹಣ್ಣು ತಿನ್ನು ಎಂದು ಹೇಳಿದ್ದೆ. ಇವನು ಜೇಬಿನಲ್ಲಿ ಶೇಂಗಾ ಚಿಕ್ಕಿ ತಂದಿದ್ದ. ಓಡುತ್ತ ಅಗಿಯಲು ಆಗಲಿಲ್ಲ, ಹಲ್ಲಿಗೆ ಅಂಟಿತು, ಅರ್ಧ ಉಗಿದ. ಕೊನೆಯ 5 ಕಿ.ಮೀ. 6:50ರ ಮೇಲೆ. ಒಟ್ಟು 2:16:40. ಕಣಕಾಲಿನಲ್ಲಿ ನೋವಿಲ್ಲ. ಮುಗಿಸಿದ ಮೇಲೆ ಮೊದಲು ಮಾಡಿದ ಕೆಲಸ, ಕೂತು ಅದೇ ಜಾಗವನ್ನು ತಾನೇ ಹೆಬ್ಬೆರಳಿಂದ ಒತ್ತಿ ನೋಡಿಕೊಂಡದ್ದು.

ಏಪ್ರಿಲ್, ಆಮೇಲೆ

ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು. ಓಟದ ಹಿಂದಿನ ರಾತ್ರಿ ರೈಲಿನಲ್ಲಿ ಕಳೆಯಬಾರದೆಂದು ಶುಕ್ರವಾರ ರಾತ್ರಿಯೇ ಹತ್ತಿದೆವು, ಶನಿವಾರ ಇಡೀ ದಿನ ನೆಂಟರ ಮನೆಯಲ್ಲಿ ಮಲಗಿದೆವು. ಅವನು ಒಂಬತ್ತು ಗಂಟೆ ನಿದ್ದೆ ಮಾಡಿದ. ಒಂದು ವರ್ಷದಲ್ಲಿ ಅಷ್ಟು ಉದ್ದದ ನಿದ್ದೆ ಅದೇ ಮೊದಲಂತೆ. ಭಾನುವಾರ ಬೆಳಿಗ್ಗೆ ಹೊರಗೆ ಬಂದು, "ಅಣ್ಣಾ, ಇದು ಏಪ್ರಿಲ್ಲಾ?" ಎಂದ. ಶುರುವಿನ ನೂಕುನುಗ್ಗಲಿನಲ್ಲಿ ಮೊದಲ ಕಿಲೋಮೀಟರ್ ನಿಧಾನವಾಯಿತು, ಬೆಂಗಳೂರಿನ ರಸ್ತೆ ಸಪಾಟೂ ಅಲ್ಲ. ಆದರೂ 56 ನಿಮಿಷಕ್ಕೆ ಮುಗಿಸಿದ. ಬಿ.ಪಿ. ಈಗ 126/80 ಆಸುಪಾಸು. ವಿಟಮಿನ್ ಡಿ ಡಾಕ್ಟರು ಹೇಳಿದಂತೆ ತೆಗೆದುಕೊಂಡು 31ಕ್ಕೆ ಬಂದಿದೆ.

ಮೆಡಲ್ ಅನ್ನು ಯೂನಿಟ್ಟಿನಲ್ಲಿ ಕಟಿಂಗ್ ಟೇಬಲ್ ಮೇಲಿನ ಮೊಳೆಗೆ ನೇತುಹಾಕಿದ್ದಾನೆ. ಅದರ ಪಕ್ಕದಲ್ಲಿ ಡೆನಿಮ್ ಬಿಬ್. ಹೋದ ವಾರ ಚಹಾಕ್ಕೆ ಕರೆದ. ಏನೋ ಇದೆ ಎಂದು ಆಗಲೇ ಗೊತ್ತಾಯಿತು.

"ಅಣ್ಣಾ, ಜನವರಿಗೆ ಮುಂಬೈ. ಫುಲ್."

ನಾನು ಬೇಡ ಅನ್ನಲಿಲ್ಲ. "42 ಕಿಲೋಮೀಟರಿಗೆ ಹದಿನಾರು ವಾರ ಅಂತಾದರೂ ಬೇಕು. ಹಿಂದಕ್ಕೆ ಎಣಿಸು, ಎಲ್ಲಿಗೆ ಬರ್ತದೆ?"

ಗೋಡೆಯ ಕ್ಯಾಲೆಂಡರ್ ತಿರುಗಿಸಿ ಬೆರಳಿಟ್ಟು ಎಣಿಸಿದ. ಸೆಪ್ಟೆಂಬರ್ ಕೊನೆಯ ವಾರಕ್ಕೆ ಬೆರಳು ನಿಂತಿತು.

"ಹೋದ ವರ್ಷದ ಆರ್ಡರ್ ಪುಸ್ತಕ ತೆಗಿ" ಎಂದೆ.

ತೆಗೆದ. ದಸರಾ, ದೀಪಾವಳಿ. ಎರಡು ಶಿಫ್ಟ್, ಕೆಲವು ದಿನ ರಾತ್ರಿ ಎರಡರವರೆಗೆ. ಪುಟ ತಿರುಗಿಸುತ್ತ ಹೋದ. ಕ್ರಿಸ್‌ಮಸ್ ದಾಟಿ, ಸಂಕ್ರಾಂತಿ ದಾಟಿ, ಬರವಣಿಗೆ ತೆಳುವಾದ ಪುಟಗಳ ಹತ್ತಿರ ಬಂದು ನಿಂತ. ಪೆನ್ನು ತೆಗೆದು ತಲೆ ಕೆರೆದುಕೊಂಡ.

"ಹಂಗಾದ್ರ ಮೇ ತಿಂಗಳಾಗ, ತಂಪಿರೋ ಊರಾಗ, ಯಾವ ಓಟ ಐತಣ್ಣಾ?"